ಬ್ಯಾಂಕ್ ವಿಲೀನ, ಶಾಖೆ ಬಂದ್: ರಾಜೀನಾಮೆ ಕೊಡಬಹುದಾ?

ಪ್ರಶ್ನೆ: ನಮ್ಮ ಯಜಮಾನರು ಸರ್ಕಾರಿ ಬ್ಯಾಂಕಿನಲ್ಲಿ ಆಫೀಸರ್, 22 ವರ್ಷ ಸರ್ವಿಸ್. ವಿಲೀನ ಆದ ಮೇಲೆ ಅವರ ಶಾಖೆಯನ್ನು ಪಕ್ಕದ ರಸ್ತೆಯ ಶಾಖೆಗೆ ಸೇರಿಸುತ್ತಿದ್ದಾರೆ. ದೂರದ ರಾಜ್ಯಕ್ಕೆ ವರ್ಗ ಮಾಡಿದರೆ ರಾಜೀನಾಮೆ ಕೊಟ್ಟು ಬಂದುಬಿಡ್ತೀನಿ ಅಂತಿದ್ದಾರೆ. ಅನುಭವ ಇದ್ದವರು ಹೇಳಿ.

ಉತ್ತರ: ಮೇಡಂ, ರಾಜೀನಾಮೆ ಮಾತ್ರ ಬೇಡ, ದಯವಿಟ್ಟು. ನಾನು ಯೂನಿಯನ್‌ನಲ್ಲಿ ಓಡಾಡಿದವನು, ಈಗ ರಿಟೈರ್ ಆಗಿದ್ದೇನೆ. 1995ರ ಪೆನ್ಷನ್ ನಿಯಮದ ಪ್ರಕಾರ ರಾಜೀನಾಮೆ ಕೊಟ್ಟರೆ ಅಷ್ಟೂ ವರ್ಷದ ಸರ್ವಿಸ್ ಲೆಕ್ಕಕ್ಕೇ ಬರುವುದಿಲ್ಲ, ಪೆನ್ಷನ್ ಇಲ್ಲ. ಅದೇ 20 ವರ್ಷ ತುಂಬಿದವರು 3 ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಕೇಳಿದರೆ ಪೆನ್ಷನ್ ಸಿಗುತ್ತದೆ. ಸಿಟ್ಟಿನಲ್ಲಿ ಎರಡು ಸಾಲು ಬರೆದುಕೊಟ್ಟು, ಆಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. (2010ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ, ಅವರ ಲೆಕ್ಕ ಬೇರೆ.)

ಉತ್ತರ: ಮೇಲಿನ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ವಿಲೀನವಾದವು. ನಾನೂ ಅದರಲ್ಲೊಂದರಲ್ಲಿ ಇದ್ದವನೇ. ಬೋರ್ಡ್ ಇಳಿಸಿದ ದಿನ ಹಳೇ ಗ್ರಾಹಕರೊಬ್ಬರು ಪಾಸ್‌ಬುಕ್ ಹಿಡಿದುಕೊಂಡು ಬಂದು "ನನ್ನ ದುಡ್ಡು ಇದೆಯಲ್ಲ ಮಾರಾಯ್ರೆ?" ಅಂತ ಕೇಳಿದ್ದರು. ನಮ್ಮ ಶಾಖೆಯಲ್ಲಿ ಯಾರ ಕೆಲಸವೂ ಹೋಗಲಿಲ್ಲ, ಆದರೆ ಎದುರುಬದುರು ಇದ್ದ ಎರಡು ಶಾಖೆ ಒಂದಾದರೆ ಮ್ಯಾನೇಜರ್ ಕುರ್ಚಿ ಒಂದೇ ಅಲ್ವಾ, ಇನ್ನೊಬ್ಬರು ಎಲ್ಲಿಗಾದರೂ ಹೋಗಲೇಬೇಕು. ನನ್ನನ್ನು ಗುಜರಾತಿಗೆ ಹಾಕಿದರು. ಅಮ್ಮನಿಗೆ ಆಗ ಡಯಾಲಿಸಿಸ್ ನಡೆಯುತ್ತಿತ್ತು. ಆಸ್ಪತ್ರೆಯ ಕಾಗದ ಎಲ್ಲ ಲಗತ್ತಿಸಿ ಮನವಿ ಕೊಟ್ಟೆ. ಆರ್ಡರ್ ರದ್ದಾಗಲಿಲ್ಲ, ಹೋಗಿ ಡ್ಯೂಟಿಗೆ ಸೇರಿ ಅಲ್ಲಿಂದಲೇ ಮತ್ತೆ ಬರೆದೆ, ಕೊನೆಗೆ ಹುಬ್ಬಳ್ಳಿಗೆ ವಾಪಸ್ ಬಂದೆ. ಮನವಿ ಕೊಟ್ಟಾಗಲೆಲ್ಲ ಒಂದು ಪ್ರತಿಗೆ ಸೀಲು, ಸಹಿ ಹಾಕಿಸಿ ಇಟ್ಟುಕೊಳ್ಳಿ. ಫೋನಿನಲ್ಲಿ "ನೋಡೋಣ" ಅಂದವರೇ ಆಮೇಲೆ ಬೇರೆ ಕಡೆ ವರ್ಗ ಆಗಿರುತ್ತಾರೆ.

ಉತ್ತರ: ನಾನು ಖಾಸಗಿ ಬ್ಯಾಂಕಿನಲ್ಲಿದ್ದೆ, ನಮಗೆ ಇಷ್ಟು ರಕ್ಷಣೆಯೂ ಇರಲಿಲ್ಲ. ಇಡೀ ಟೀಮನ್ನೇ ತೆಗೆದರು. ಯಜಮಾನರ ಹೆಸರಲ್ಲಿ ಸ್ಟಾಫ್ ರೇಟಿನ, ಅಂದರೆ ಸಿಬ್ಬಂದಿಗೆ ಕಡಿಮೆ ಬಡ್ಡಿಗೆ ಕೊಡುವ ಮನೆ ಸಾಲ ಇದೆಯಾ ಅಕ್ಕ? ಇದ್ದರೆ, ಸ್ವಯಂ ನಿವೃತ್ತಿ ತಗೊಂಡ ಮೇಲೆ ಬಡ್ಡಿ ಎಷ್ಟಾಗುತ್ತದೆ ಅಂತ ಈಗಲೇ ಮೇಲ್ ಹಾಕಿ ಕೇಳಿಸಿ. ನಮಗೆ ಸಂಬಳ ನಿಂತ ಮರುತಿಂಗಳೇ ಕಂತು ಜಾಸ್ತಿ ಆಯ್ತು. ಗ್ರೂಪ್ ಇನ್ಶೂರೆನ್ಸ್ ಕೂಡ ಕೊನೇ ದಿನಕ್ಕೇ ನಿಂತಿತು. ಮನೆಯಲ್ಲಿ ಶುಗರ್, ಬಿಪಿ ಇರುವವರಿದ್ದರೆ ಬೇರೆ ಪಾಲಿಸಿ ಕೈಗೆ ಬಂದ ಮೇಲೇ ನೋಟಿಸ್ ಕೊಡಲಿ.