ಪದಚರ್ಚೆ: ಹೊರಟಲ್ಲಿಗೇ ಬಂದು ಸೇರುವ ನಡಿಗೆಗೆ ನಿಮ್ಮಲ್ಲಿ ಏನಂತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿರುವ ನಾವೊಂದಿಷ್ಟು ಕನ್ನಡದವರು ಸೇರಿ ರಾಜ್ಯೋತ್ಸವಕ್ಕೆ ಒಂದು ಸಣ್ಣ ಸಂಚಿಕೆ ತರುತ್ತೇವೆ. ಈ ಸಲ ಅದಕ್ಕೆ ಪ್ರವಾಸದ ಬರಹವೊಂದನ್ನು ಕೊಡಲು ಒಪ್ಪಿಕೊಂಡೆ. ಬರೆಯಲು ಕೂತು ಹದಿನೈದು ದಿನವಾಯಿತು, ಮೊದಲ ವಾಕ್ಯ ಇನ್ನೂ ಮುಗಿದಿಲ್ಲ. ಆ ವಾಕ್ಯಕ್ಕೆ ನಾಲ್ಕು ಪದ ಬೇಕು. ನಾಲ್ಕರಲ್ಲಿ ಒಂದೂ ನೆಟ್ಟಗೆ ಕೂಡುತ್ತಿಲ್ಲ. ಅದಕ್ಕೇ ಈ ಓಲೆ.

ವಿಷಯ ಇಷ್ಟು. ಹೋದ ವರ್ಷ ಅಕ್ಟೋಬರಿನಲ್ಲಿ ಮಗಳ ಮನೆಗೆಂದು ಜರ್ಮನಿಗೆ ಹೋಗಿದ್ದೆ. ಅವಳಿರುವುದು ಫಾಲ್ಟ್ಸ್ ಎಂಬ ಸೀಮೆಯಲ್ಲಿ, ಆ ದೇಶದ ನೈಋತ್ಯಕ್ಕೆ, ಫ್ರಾನ್ಸಿನ ಗಡಿಗೆ ಹತ್ತಿರ. ಪಡುವಣಕ್ಕೆ ಕಾಡುಗುಡ್ಡ, ಮೂಡಣಕ್ಕೆ ರೈನ್ ನದಿಯ ಬಯಲು, ಎರಡರ ನಡುವಿನ ಇಳಿಜಾರಿನಲ್ಲಿ ಕಣ್ಣು ಹಾಯುವಷ್ಟೂ ದ್ರಾಕ್ಷಿ. ಆ ದ್ರಾಕ್ಷಿಯ ಊರುಗಳನ್ನು ಪೋಣಿಸಿಕೊಂಡು ಹೋಗುವ ‘ವೈನ್ ರಸ್ತೆ’ ಸುಮಾರು 85 ಕಿಲೋಮೀಟರ್ ಉದ್ದ. 1935ರಲ್ಲೇ ಅದಕ್ಕೆ ಆ ಹೆಸರಿಟ್ಟಿದ್ದಾರೆ. ಒಂದು ಭಾನುವಾರ ನಾವಿಬ್ಬರೂ ಅಲ್ಲಿನ ಹಳ್ಳಿಯೊಂದರ ಚರ್ಚಿನ ಎದುರಿನಿಂದ ಹೊರಟೆವು. ಮರಗಳ ನಡುವೆ ಒಂದಿಷ್ಟು ಏರಿ, ಹಳ್ಳದ ಗುಂಟ ಇಳಿದು, ಮೂರು ಹಳೆಯ ಕಟ್ಟಡಗಳನ್ನು (ಅವುಗಳ ಹೆಸರೇ ನನ್ನ ದೊಡ್ಡ ತೊಡಕು, ಮುಂದೆ ಹೇಳುತ್ತೇನೆ) ದಾಟಿ, ದ್ರಾಕ್ಷಿಯ ಸಾಲುಗಳ ನಡುವೆ ಹಾದು ಮೂರು ತಾಸಿಗೆ ಮತ್ತೆ ಅದೇ ಚರ್ಚಿನ ಎದುರು ಬಂದು ನಿಂತೆವು. ಒಂದು ಹೆಜ್ಜೆಯನ್ನೂ ಹೋದ ದಾರಿಯಲ್ಲಿ ಮರಳಿ ಇಡಲಿಲ್ಲ. ಮರದ ಕಾಂಡಗಳ ಮೇಲೆ ಬಣ್ಣದ ಗುರುತುಗಳಿದ್ದವು. ಆ ಸೀಮೆಯ ಕಾಡಿನಲ್ಲಿ ನಡೆಯುವವರ ಸಂಘ 1902ರಷ್ಟು ಹಳೆಯದು, ಇಂಥ ಗುರುತು ಬರೆಯುವುದು ಅದರ ಸದಸ್ಯರು ಬಿಡುವಿನಲ್ಲಿ ಮಾಡುವ ಕೆಲಸ.

ದಾರಿಯ ಆರಂಭದ ಫಲಕದಲ್ಲಿ ಒಂದೇ ಪದವಿತ್ತು: ರುಂಟ್‌ವೇಕ್. ರುಂಟ್ ಎಂದರೆ ಗುಂಡಗಿನದು, ವೇಕ್ ಎಂದರೆ ದಾರಿ. ಅಲ್ಲಿನ ಮಕ್ಕಳಿಗೂ ಗೊತ್ತಿರುವ ಮಾತು. ಎಲ್ಲಿಂದ ಹೊರಟೆವೋ ಅಲ್ಲಿಗೇ, ಬೇರೆ ದಾರಿಯಿಂದ ಬಂದು ಸೇರುವ ನಡಿಗೆ. ಇದಕ್ಕೆ ಕನ್ನಡದ ಒಂದು ಮಾತು ಬೇಕು.

ಮೊದಲು ತೋಚಿದ್ದು ಪ್ರದಕ್ಷಿಣೆ. ನಮ್ಮ ಗುಂಪಿನ ಹಿರಿಯರೊಬ್ಬರು ಕೂಡಲೇ ತಡೆದರು. ಪ್ರದಕ್ಷಿಣೆಯಲ್ಲಿ ದಕ್ಷಿಣ ಎಂದರೆ ಬಲಗಡೆ. ನಡುವೆ ಇರುವುದು ನಮ್ಮ ಬಲಕ್ಕೆ ಇರಬೇಕು, ಅದು ಪೂಜ್ಯವೂ ಆಗಿರಬೇಕು ಎಂದರು. ನಾವು ನಡೆದದ್ದು ಎಡಸುತ್ತು, ಗಡಿಯಾರದ ಮುಳ್ಳಿಗೆ ಎದುರಾಗಿ. ಶಾಸ್ತ್ರದ ಲೆಕ್ಕದಲ್ಲಿ ಅದು ಅಪ್ರದಕ್ಷಿಣೆ. ಅಪರಕರ್ಮಗಳಿಗೆ ಸೇರಿದ ಆ ಮಾತನ್ನು ಮಗಳ ಜೊತೆಗಿನ ಭಾನುವಾರದ ನಡಿಗೆಗೆ ಅಂಟಿಸಲು ಅವರಿಗೆ ಮನಸ್ಸಿಲ್ಲ, ನನಗೂ ಇಲ್ಲ. ಪರಿಕ್ರಮಕ್ಕೂ ಇಲ್ಲಿ ಅದೇ ಭಾರ. ಪುಣೆಯಲ್ಲಿ ಪರಿಕ್ರಮಾ ಎಂದರೆ ಕೇಳಿದವರ ಮನಸ್ಸು ನೇರ ನರ್ಮದೆಗೆ ಹೋಗುತ್ತದೆ.

ವರ್ತುಲ ನಡಿಗೆ ಎಂದು ಒಬ್ಬರು ಸೂಚಿಸಿದರು. ವರ್ತುಲ ಎಂದರೆ ಈಗ ರಿಂಗ್ ರೋಡು. ವೃತ್ತವಂತೂ ನಾಲ್ಕು ರಸ್ತೆ ಕೂಡುವಲ್ಲಿ ಪೊಲೀಸರು ನಿಲ್ಲುವ ಜಾಗವಾಗಿಬಿಟ್ಟಿದೆ. ಬಳಸುದಾರಿ ಎಂದರೆ ನೇರ ದಾರಿ ಮುಚ್ಚಿದ್ದಕ್ಕೆ ಹಿಡಿಯಬೇಕಾದ ದಾರಿ; ‘ಸುತ್ತಿ ಬಳಸಿ ಮಾತಾಡಬೇಡ’ ಅನ್ನುವಾಗಿನ ಬೇಸರ ಅದರೊಳಗಿದೆ. ಚಾರಣ ನನಗೆ ಇಷ್ಟದ ಪದ. ಆದರೆ ಈಗ ಆ ಮಾತು ಕೇಳಿದರೆ ಬೆನ್ನಿಗೆ ಚೀಲ, ಕಾಲಿಗೆ ಬೂಟು, ಎದುರಿಗೆ ಕಡಿದಾದ ಗುಡ್ಡ ಕಾಣುತ್ತವೆ. ನಮ್ಮ ಗುಂಪಿನ ಎಪ್ಪತ್ತು ದಾಟಿದವರು ‘ಚಾರಣ’ ಎಂಬ ತಲೆಬರಹ ನೋಡಿದರೆ ಪುಟ ತಿರುಗಿಸಿಬಿಡುತ್ತಾರೆ, ಮತ್ತು ಈ ಬರಹವನ್ನು ಮುಖ್ಯವಾಗಿ ಅವರಿಗಾಗಿಯೇ ಬರೆಯುತ್ತಿದ್ದೇನೆ. ಅಲ್ಲಿ ಏರು ಇದ್ದದ್ದು ಮೊದಲ ಅರ್ಧ ತಾಸು ಮಾತ್ರ. ಮಂಡಿನೋವಿನ ನಾನೇ ಕೋಲಿಲ್ಲದೆ ನಡೆದೆ. ಇದನ್ನು ಹೇಳಲು ‘ಸುಲಭ’ ಸಾಲದು, ಅದು ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಹೇಳುವ ಮಾತು. ‘ಸಲೀಸು’ ಸಾಕು ಎಂದು ಈ ಒಂದನ್ನು ನಾನೇ ತೀರ್ಮಾನಿಸಿಕೊಂಡಿದ್ದೇನೆ.

ಪಕ್ಕದ ಮನೆಯ ಮರಾಠಿ ಅಕ್ಕ ದಿನಾ ಸಂಜೆ ‘ಫೇರಫಟಕಾ’ ಮಾಡಿ ಬರುತ್ತೇನೆಂದು ಹೊರಡುತ್ತಾರೆ. ಆ ಮಾತಿನೊಳಗೆ ಫೇರಿ ಇದೆ, ತಿರುಗಿ ಬರುವುದು ಅದರಲ್ಲೇ ಅಡಗಿದೆ. ಅದನ್ನು ಕೇಳುತ್ತಿದ್ದಾಗಲೇ ಧಾರವಾಡದಲ್ಲಿ ಅವ್ವ ಸಂಜೆ ಸೆರಗು ಸರಿಮಾಡಿಕೊಳ್ಳುತ್ತ ಹೇಳುತ್ತಿದ್ದದ್ದು ನೆನಪಾಯಿತು: “ಒಂದ್ ಸುತ್ತ ಹಾಕ್ಕೊಂಡ ಬರ್ತೀನಿ.” ಅವಳು ಹನುಮಪ್ಪನ ಗುಡಿಯ ಓಣಿಯಿಂದ ಹೋಗಿ ಕೆರೆಯ ಕಡೆಯಿಂದ ಬರುತ್ತಿದ್ದಳು. ಹೋದ ಓಣಿಯಲ್ಲೇ ತಿರುಗಿ ಬಂದರೆ ಅದು ಸುತ್ತು ಆಗುತ್ತಿರಲಿಲ್ಲ. ನನಗೆ ಬೇಕಾದ ಅರ್ಥ ಪೂರ್ತಿಯಾಗಿ ಅದರಲ್ಲಿದೆ. ಕೋಟೆಗೆ ಏಳು ಸುತ್ತು, ಗುಡಿಗೆ ಸುತ್ತುಪೌಳಿ. ದೇವರಿಗೂ ಸಲ್ಲುತ್ತದೆ, ಊರಿಗೂ ಸಲ್ಲುತ್ತದೆ, ಎಡ ಬಲದ ಕಟ್ಟಳೆ ಇಲ್ಲ. ಹಾಗಾಗಿ ‘ಸುತ್ತುನಡಿಗೆ’ ಎಂದು ಬರೆದಿಟ್ಟಿದ್ದೇನೆ. ನನಗಿರುವ ಒಂದೇ ಅಳುಕೆಂದರೆ, ‘ಸುತ್ತಾಟ’ಕ್ಕೆ ಅಂಟಿದ ಗೊತ್ತುಗುರಿಯಿಲ್ಲದ ಅಲೆತದ ನೆರಳು ಇದರ ಮೇಲೂ ಬೀಳುತ್ತದೆಯೇ? ಮೈಸೂರು ಕಡೆಯವರು, ಕರಾವಳಿಯವರು ಓದಿ ನೋಡಿ, ಹೇಗೆ ಕೇಳಿಸುತ್ತದೆ ಹೇಳಿ.

ಇನ್ನು ಆ ಮೂರು ಕಟ್ಟಡಗಳು. ಜರ್ಮನ್ನಿನಲ್ಲಿ ಮೂರಕ್ಕೂ ‘ಮ್ಯೂಲೆ’. ಕೆಳಗೆ ಕಲ್ಲಿನ ಗೋಡೆ, ಮೇಲೆ ಮರದ ಅಟ್ಟ, ಪಕ್ಕದಲ್ಲಿ ನೀರು ತಿರುಗಿಸುತ್ತಿದ್ದ ದೊಡ್ಡ ಗಾಲಿ. ಎರಡರಲ್ಲಿ ಗಾಲಿಯ ಗುರುತಷ್ಟೇ ಉಳಿದಿದೆ. ಮೊದಲ ಕರಡಿನಲ್ಲಿ ‘ಹಳೆಯ ಗಿರಣಿಗಳು’ ಎಂದು ಬರೆದೆ. ಮುಂಬಯಿಯಲ್ಲಿರುವ ತಮ್ಮನಿಗೆ ಓದಿ ಹೇಳಿದಾಗ ಅವನು ಕೇಳಿದ್ದು, “ಅಲ್ಲೂ ಪರೇಲ್, ಲಾಲ್‌ಬಾಗಿನ ಹಾಗೆ ಚಿಮಣಿ ನಿಂತಾವೇನು?” ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಮುಂಬಯಿಯಲ್ಲಿ ಬದುಕಿದವರಿಗೆ ಹಳೆಯ ಗಿರಣಿ ಎಂದರೆ ಗಿರಣಗಾಂವ್ (ಪರೇಲ್, ಲಾಲ್‌ಬಾಗಿನಂಥ ಬಟ್ಟೆ ಗಿರಣಿಗಳ ಕೇರಿ), ಹತ್ತಿಯ ಧೂಳು, ಪಾಳಿಯ ಭೋಂಗಾ (ಸೈರನ್ನು), 1982ರ ಜನವರಿ 18ರಂದು ಶುರುವಾಗಿ ಲಕ್ಷಾಂತರ ಕೆಲಸಗಾರರ ಬಾಳನ್ನೇ ಬುಡಮೇಲು ಮಾಡಿದ ಮುಷ್ಕರ. ಅಷ್ಟು ದೊಡ್ಡ ಸಂಕಟ ಹೊತ್ತ ಪದವನ್ನು ಹಳ್ಳದ ದಂಡೆಯ ಹಿಟ್ಟಿನ ಮನೆಗೆ ಹಾಕಿದರೆ ಚಿತ್ರ ಕದಡುತ್ತದೆ.

ಇಲ್ಲೇ ಕನ್ನಡದ ಒಂದು ಸೊಗಸು ಮತ್ತು ಒಂದು ಕಷ್ಟ ಎರಡೂ ಒಟ್ಟಿಗೆ ಕಂಡವು. ನಮ್ಮಲ್ಲಿ ಕಾಳನ್ನು ಬೀಸುತ್ತೇವೆ, ನೆನೆಸಿದ್ದನ್ನು ಅರೆಯುತ್ತೇವೆ, ಭತ್ತವನ್ನು ಕುಟ್ಟುತ್ತೇವೆ, ಎಣ್ಣೆಗೆ ಗಾಣ ಆಡಿಸುತ್ತೇವೆ, ಕಬ್ಬಿಗೆ ಆಲೆ ಹೂಡುತ್ತೇವೆ. ಕೆಲಸ ಬೇರೆಯಾದರೆ ಕ್ರಿಯಾಪದವೂ ಬೇರೆ, ಸಲಕರಣೆಯ ಹೆಸರೂ ಬೇರೆ: ಬೀಸುಕಲ್ಲು, ಒರಳು, ಒನಕೆ, ಗಾಣ, ಆಲೆಮನೆ. ಜರ್ಮನ್ನರದು ತದ್ವಿರುದ್ಧ, ಹಿಟ್ಟು, ಎಣ್ಣೆ, ಕಾಗದ, ಮರ ಕೊಯ್ಯುವ ಗರಗಸ, ಎಲ್ಲಕ್ಕೂ ಮ್ಯೂಲೆಯೇ. ಆದ್ದರಿಂದ ಕನ್ನಡದಲ್ಲಿ ಬರೆಯಬೇಕಾದರೆ ಆ ಮನೆಗಳಲ್ಲಿ ಏನು ನಡೆಯುತ್ತಿತ್ತು ಎಂಬುದೇ ಮೊದಲು ಗೊತ್ತಾಗಬೇಕು. ಮಗಳಿಗೆ ಫೋನ್ ಮಾಡಿದೆ. ಅವಳು ಮುಂದಿನ ಭಾನುವಾರ ಮತ್ತೆ ನಡೆದು ಹೋಗಿ ಗೋಡೆಯ ಫಲಕಗಳನ್ನು ಓದಿ ಹೇಳಿದಳು: ಒಂದರಲ್ಲಿ ಹಿಟ್ಟು, ಒಂದರಲ್ಲಿ ಎಣ್ಣೆ, ಕೊನೆಯದರಲ್ಲಿ ಹಲಗೆ ಕೊಯ್ಯುತ್ತಿದ್ದರಂತೆ. ಒಂದು ಪದಕ್ಕಾಗಿ ಅವಳು ಒಂಬತ್ತು ಕಿಲೋಮೀಟರ್ ನಡೆದಳು.

ಎಣ್ಣೆಯದನ್ನು ಗಾಣ ಅನ್ನಬಹುದೇ? ಗಾಣ ಎಂದೊಡನೆ ನೊಗ ಹೊತ್ತ ಎತ್ತು ಕಾಣುತ್ತದೆ. ಗಾಣದೆತ್ತು ನುಡಿಗಟ್ಟೇ ಆಗಿದೆಯಲ್ಲ. ನೀರು ತಿರುಗಿಸುವ ಗಾಣವನ್ನು ನಮ್ಮ ಓದುಗರು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟ. ಮರಾಠಿಯಲ್ಲಿ ಈ ತೊಡಕಿಲ್ಲ, ಪಾಣಚಕ್ಕಿ ಎಂಬ ಸಿದ್ಧ ಪದವಿದೆ. ಔರಂಗಾಬಾದಿನ ಬಾಬಾ ಷಾ ಮುಸಾಫಿರ್ ದರ್ಗಾದ ಆವರಣದ ಪಾಣಚಕ್ಕಿಯನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ದೂರದ ಗುಡ್ಡದ ಊಟೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದು, ಅದನ್ನು ಎತ್ತರದಿಂದ ಬೀಳಿಸಿ, ಯಾತ್ರಿಕರ ಊಟಕ್ಕೆ ಹಿಟ್ಟು ಬೀಸುತ್ತಿದ್ದ ಯಂತ್ರ ಅದು. ‘ನೀರಿನ ಗಿರಣಿ’ ಎಂದರೆ ಹೇಗೆಂದು ಯೋಚಿಸಿದೆ. ಹಿಟ್ಟಿನ ಗಿರಣಿ, ಎಣ್ಣೆ ಗಿರಣಿ, ಅಕ್ಕಿ ಗಿರಣಿ ಎನ್ನುವಾಗ ಮೊದಲ ಪದ ಅಲ್ಲಿ ತಯಾರಾಗುವುದನ್ನು ಹೇಳುತ್ತದೆ; ಹಾಗೆ ಓದಿದರೆ ನೀರಿನ ಗಿರಣಿಯಲ್ಲಿ ನೀರೇ ತಯಾರಾಗಬೇಕು. ಗಾಳಿಗಿರಣಿ ಎಂಬ ಪದ ಓದಿನಲ್ಲಿ ಬಂದಿದೆ. ಅದರ ಜೋಡಿಯಾಗಿ ‘ನೀರುಗಿರಣಿ’ ಎಂದು ಕೂಡಿಸಿ ಬರೆದರೆ ತಿರುಗಿಸುವ ಶಕ್ತಿ ಯಾವುದು ಎಂಬ ಅರ್ಥ ಬರಬಹುದು. ಹಿಟ್ಟಿನದಕ್ಕೆ ಮಾತ್ರ ನನ್ನ ಒಲವು ‘ನೀರುಬೀಸುಕಲ್ಲು’ ಎಂಬುದರ ಕಡೆಗಿದೆ. ಬೀಸುಕಲ್ಲು ಈ ಊರಿನಲ್ಲಿ ಸಣ್ಣ ಮಾತಲ್ಲ. ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತ್ವಾಂ ಪುಣೆಯನ್ನು ನೆಲೆಯಾಗಿಟ್ಟುಕೊಂಡು, ಹಳ್ಳಿಯ ಹೆಂಗಸರು ಬೀಸುತ್ತ ಹಾಡುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ಓವಿಗಳನ್ನು ಸಂಗ್ರಹಿಸಿದರು. ನಮ್ಮ ಬೀಸುಕಲ್ಲಿನ ಪದಗಳನ್ನು ಕೇಳಿ ಬೆಳೆದವರಿಗೆ ಆ ಓವಿಗಳು ಪರಕೀಯ ಅನ್ನಿಸುವುದಿಲ್ಲ.

ದ್ರಾಕ್ಷಿಯ ಮಾತಿಗೆ ಬರುತ್ತೇನೆ. ‘ದ್ರಾಕ್ಷಿ ತೋಟ’ ಎಂದು ಧೈರ್ಯವಾಗಿ ಬರೆದಿದ್ದೆ. ಕನ್ನಡ ಬೈಬಲ್ಲಿನಲ್ಲಿ ದ್ರಾಕ್ಷೇತೋಟ ಎಂದೇ ಇದೆ. ವಿಜಯಪುರದ ಗೆಳತಿ ಒಪ್ಪಲಿಲ್ಲ. “ತ್ವಾಟ ಅಂದ್ರ ಬಾಳಿ, ತೆಂಗು. ದ್ರಾಕ್ಷಿಗೆ ನಾವು ಪಡ ಅಂತೀವಿ.” ಕಬ್ಬಿನ ಪಡ ಎಂಬುದನ್ನು ನಾನೂ ಕೇಳಿದ್ದೇನೆ. ಮರಾಠಿಯಲ್ಲಿ ಕಬ್ಬಿನ ಗದ್ದೆಗೆ ‘ಊಸಾಚಾ ಫಡ’ ಎನ್ನುತ್ತಾರೆ, ತಮಾಶಾ ಮೇಳಕ್ಕೂ ಫಡ ಅನ್ನುತ್ತಾರೆ. ಪಡ ಮತ್ತು ಫಡ ಒಂದೇ ಬೇರಿನವೇ, ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಬಲ್ಲವರು ದಯವಿಟ್ಟು ಬರೆಯಿರಿ. ಪದ ಸರಿಹೋದರೂ ಚಿತ್ರದ ಚಿಂತೆ ಇದ್ದೇ ಇದೆ. ವಿಜಯಪುರದಲ್ಲಾಗಲಿ ಇಲ್ಲಿನ ನಾರಾಯಣಗಾಂವ್, ನಾಶಿಕದ ಕಡೆಯಾಗಲಿ ದ್ರಾಕ್ಷಿ ಎಂದರೆ ಸಾಮಾನ್ಯವಾಗಿ ತಲೆಯ ಮೇಲಿನ ಚಪ್ಪರ, ಗೊನೆಗಳು ಜೋತುಬಿದ್ದ ತಂಪು ನೆರಳು; ಏಪ್ರಿಲ್ಲಿಗೊಮ್ಮೆ ಅಕ್ಟೋಬರಿಗೊಮ್ಮೆ ಚಾಟಣಿ (ಬಳ್ಳಿ ಸವರುವುದು), ವರ್ಷಕ್ಕೆ ಒಂದು ಬೆಳೆ. ಫಾಲ್ಟ್ಸ್‌ನಲ್ಲಿ ಬಳ್ಳಿಗಳು ತಂತಿಗೆ ಕಟ್ಟಿದ ಬೇಲಿಯ ಹಾಗೆ ಸಾಲುಸಾಲಾಗಿ ನಿಂತಿರುತ್ತವೆ, ಆಳೆತ್ತರವೂ ಇಲ್ಲ. ಮುಖಕ್ಕೆ ಬಿಸಿಲು ಬೀಳುತ್ತದೆ, ದೂರದ ಬಯಲು ಕಾಣುತ್ತದೆ. ಚಳಿಗಾಲದಲ್ಲಿ ಸವರುತ್ತಾರೆ. ನಾವು ಹೋದಾಗ ಕೊಯ್ಲು ಮುಗಿಯುತ್ತ ಬಂದು ಎಲೆಗಳು ಹಳದಿಗೆ ತಿರುಗಿದ್ದವು. ‘ದ್ರಾಕ್ಷಿ ಸಾಲು’ ಎಂದರೆ ಓದುಗರಿಗೆ ಚಪ್ಪರ ಮರೆತುಹೋಗಿ ಬೇಲಿ ಕಂಡೀತೇ?

ಕೊನೆಯದು ಕಾಡು. ಊರಿಗೆ ಅಂಟಿಕೊಂಡು, ಮಕ್ಕಳು ಚೆಸ್ಟ್‌ನಟ್ ಆರಿಸಲು ಬುಟ್ಟಿ ಹಿಡಿದು ಹೋಗುವಂಥ ಮರಗಳ ಜಾಗಕ್ಕೆ ‘ಕಾಡು’ ಹೆಚ್ಚಾಯಿತು, ‘ಅರಣ್ಯ’ ಇನ್ನೂ ಹೆಚ್ಚು, ಅದಕ್ಕೆ ಇಲಾಖೆಯ ವಾಸನೆಯೂ ಇದೆ. ನಮ್ಮ ಕಡೆ ‘ಅಡವಿಗೆ ಹೋಗ್ಯಾರ’ ಎಂದರೆ ಹೊಲಕ್ಕೆ ಹೋಗಿದ್ದಾರೆ ಎಂದೂ ಆಗುತ್ತದೆ, ಮರಾಠಿಯ ‘ರಾನ’ದ ಹಾಗೇ. ತೋಪು ನೆಟ್ಟು ಬೆಳೆಸಿದ್ದು. ಕುಂದಾಪುರದವರಾದ ನಮ್ಮ ಗುಂಪಿನ ಹೋಟೆಲು ಭಟ್ಟರು ಕ್ಷಣವೂ ತಡೆಯದೆ ಹೇಳಿದರು: “ನಮ್ಮನಿ ಹಿಂದ್ ಇಪ್ಪುದ್ ಹಾಡಿ, ಕಾಡ್ ಅಲ್ಲ.” ಎಂಥ ಹದವಾದ ಮಾತು! ಊರಿನ ನಂಟು ಬಿಡದ ಮರಗಳ ಗುಂಪು, ದರಲೆ (ಉದುರಿದ ಒಣ ಎಲೆ) ಗುಡಿಸಲು ಹೋಗುವಷ್ಟು ಹತ್ತಿರ. ಬರೆದೇಬಿಟ್ಟೆ. ಆಮೇಲೆ ನೆನಪಾಯಿತು, ಎಚ್.ಡಿ. ಕೋಟೆ, ಹುಣಸೂರು, ಕೊಡಗಿನ ಕಡೆ ಹಾಡಿ ಎಂದರೆ ಜೇನುಕುರುಬರ, ಯರವರ ವಸತಿ. ಒಂದೇ ಸಂಚಿಕೆಯನ್ನು ಎರಡೂ ಕಡೆಯವರು ಓದುತ್ತಾರೆ. ಶಿರಸಿಯವರು ಹಕ್ಕಲು, ಬೆಟ್ಟ, ಕಾನು ಎಂದು ಮೂರು ಬಗೆ ಮಾಡುತ್ತಾರಂತೆ. ಅವುಗಳ ಗೆರೆ ಎಲ್ಲಿ ಬೀಳುತ್ತದೆ ಎಂದು ಆ ಕಡೆಯವರೇ ಬಿಡಿಸಿ ಹೇಳಿದರೆ ಉಪಕಾರ. ಸದ್ಯಕ್ಕೆ ಹಾಡಿಯನ್ನೇ ಉಳಿಸಿಕೊಂಡು, ಮುಂದಿನ ವಾಕ್ಯದಲ್ಲಿ ಮರಗಳನ್ನು ವರ್ಣಿಸಿ ಅರ್ಥ ತಿಳಿಯಮಾಡಬೇಕೆಂದಿದ್ದೇನೆ. ಒಳ್ಳೆಯ ಪದವೊಂದನ್ನು, ಅದು ಬೇರೆ ಜಿಲ್ಲೆಯದು ಎಂಬ ಕಾರಣಕ್ಕೆ ಬಿಟ್ಟುಕೊಡಲು ಮನಸ್ಸು ಬರುತ್ತಿಲ್ಲ.

ಇಷ್ಟೆಲ್ಲ ಆದ ಮೇಲೆ ವಾಕ್ಯ ಹೀಗೆ ನಿಂತಿದೆ: “ಹಾಡಿ, ದ್ರಾಕ್ಷಿ ಸಾಲು, ಹಳೆಯ ನೀರುಗಿರಣಿಗಳನ್ನು ಹಾದುಬರುವ ಸಲೀಸಾದ ಒಂದು ಸುತ್ತುನಡಿಗೆ.” ತಿದ್ದಿ ಕೊಡಿ. ಅಕ್ಟೋಬರ್ ಹತ್ತರೊಳಗೆ ಅಚ್ಚಿಗೆ ಹೋಗಬೇಕು.

ಇನ್ನೊಂದು ಕೇಳುವುದಿದೆ. ಹಳ್ಳಕ್ಕೆ ಮೇಲುಗಡೆ ಕಟ್ಟೆ ಹಾಕಿ, ಅಲ್ಲಿಂದ ಗಾಲಿಯ ತನಕ ನೀರನ್ನು ಎತ್ತರದಲ್ಲೇ ನಡೆಸಿಕೊಂಡು ಬರುವ ಕಿರಿದಾದ, ಕಲ್ಲು ಕಟ್ಟಿದ ಹಾದಿಯೊಂದಿತ್ತು. ನಾವು ಅದರ ಅಂಚಿನಲ್ಲೇ ಬಹಳ ಹೊತ್ತು ನಡೆದೆವು. ಮರಾಠಿಯವರು ಪಾಟ ಅನ್ನುತ್ತಾರೆ. ಕಾಲುವೆ ಅದಕ್ಕೆ ದೊಡ್ಡದಾಯಿತು. ಭಟ್ಟರು ‘ತೋಡು’ ಅನ್ನುತ್ತಾರೆ, ಆದರೆ ಅವರ ತೋಡು ತಗ್ಗಿನಲ್ಲಿ ಹರಿಯುವಂಥದ್ದು. ಮಲೆನಾಡಿನ ತೋಟಗಳಿಗೆ ಗುಡ್ಡದ ಮಗ್ಗುಲಲ್ಲೇ ನೀರು ತರುವವರು ಆ ಸಣ್ಣ ಹಾದಿಗೆ ಏನೆಂದು ಕರೆಯುತ್ತೀರಿ?