ಪದಚರ್ಚೆ: ‘ಟ್ರಾನ್ಸಾನಿಕ್’, ‘ಸ್ವೆಪ್ಟ್ ವಿಂಗ್’ ಕನ್ನಡದಾಗ ಏನಂತೀರಿ?

ಧಾರವಾಡದಿಂದ:
ವಿಜ್ಞಾನ ಪ್ರದರ್ಶನದ ಫಲಕಕ್ಕೆ ಎರಡು ಪದ ಬೇಕು: ಶಬ್ದದ ವೇಗದ ಆಸುಪಾಸಿನ ‘ಟ್ರಾನ್ಸಾನಿಕ್’ ಹಾರಾಟಕ್ಕೆ ಒಂದು, ವಿಮಾನದ ಹಿಂದಕ್ಕೆ ಚಾಚಿದ ‘ಸ್ವೆಪ್ಟ್’ ರೆಕ್ಕೆಗೆ ಒಂದು. ಫ್ಲೆಕ್ಸ್ ಅಂಗಡಿಗೆ ಇಂದು ಸಂಜೆಯೇ ಕೊಡಬೇಕು. ಸಾಲು: ‘ಟ್ರಾನ್ಸಾನಿಕ್ ವೇಗದಲ್ಲಿ ಸ್ವೆಪ್ಟ್ ರೆಕ್ಕೆಯ ಮೇಲೆ ಗಾಳಿಯ ಹರಿವು: ಸೈದ್ಧಾಂತಿಕ ವಿಶ್ಲೇಷಣೆ’. ‘ಶಬ್ದಾತೀತ’ಕ್ಕೆ ಜೋಡಿಯಾಗಿ ‘ಶಬ್ದಸಮೀಪ’ ಎಂದೂ, ರೆಕ್ಕೆಗೆ ‘ಹಿಂಬಾಗಿದ’ ಎಂದೂ ಹಾಕಿದ್ದೇನೆ. ನಡೀತದೇನ್ರಿ?

ಹುಬ್ಬಳ್ಳಿಯಿಂದ:
ಎರಡೂ ನಡೆಯೋದಿಲ್ಲ. ರೆಕ್ಕೆ ಎಲ್ಲೂ ಬಾಗಿಲ್ಲ. ನೆಟ್ಟಗೇ ಇದ್ದು ಹಿಂದಕ್ಕೆ ಓರೆಯಾಗಿದೆ. ‘ಹಿಂದೋರೆ ರೆಕ್ಕೆ’ ಅನ್ನಿ. ಕೋನಕ್ಕೆ ‘ಓರೆಕೋನ’. ಮ್ಯಾಕ್ 0.85ರಲ್ಲಿ (ಅಂದರೆ ಶಬ್ದದ ವೇಗದ 0.85 ಪಟ್ಟು) ಹಾರುವಾಗ ಓರೆಕೋನ 35 ಡಿಗ್ರಿ ಇದ್ದರೆ, ಮುಂದಿನ ಅಂಚಿಗೆ ಲಂಬವಾಗಿ ಬರುವ ಗಾಳಿ 0.85 × ಕೊಸೈನ್ 35, ಅಂದರೆ ಸುಮಾರು ಮ್ಯಾಕ್ 0.70. ಆಘಾತ ತರಂಗ (ಗಾಳಿಯ ಒತ್ತಡ ತಟ್ಟನೆ ಏರುವ ತೆಳು ಪದರ) ತಡವಾಗಿ ಹುಟ್ಟುವುದು ಇದರಿಂದಲೇ.

‘ಶಬ್ದಸಮೀಪ’ದ ತಪ್ಪು ಇನ್ನೂ ದೊಡ್ಡದು. ವಿಮಾನ ಮ್ಯಾಕ್ 1ರ ಕೆಳಗಿದ್ದರೂ ರೆಕ್ಕೆಯ ಮೇಲ್ಮೈಯ ಒಂದು ಭಾಗದಲ್ಲಿ ಗಾಳಿ ಶಬ್ದದ ವೇಗವನ್ನು ದಾಟಿರುತ್ತದೆ, ಸುತ್ತ ದಾಟಿರುವುದಿಲ್ಲ. ಎರಡೂ ಒಟ್ಟಿಗಿರುವುದೇ ಇಲ್ಲಿನ ತಿರುಳು. ‘ಶಬ್ದಸಂಧಿ’ ಅನ್ನಿ. ಹಗಲು ಇರುಳು ಕೂಡುವ ಹೊತ್ತು ಸಂಧಿಕಾಲ ಅಲ್ಲವೇ?

ಗದಗದಿಂದ:
‘ಶಬ್ದಸಂಧಿ’ ಅಂದ್ರ ವ್ಯಾಕರಣದ ಪಾಠ ಅಂದ್ಕೋತಾರ. ಸಂಸ್ಕೃತದ ಮೇಲೆ ಸಂಸ್ಕೃತ ಯಾಕ್ರಿ? ‘ಸದ್ದಿನಂಚು’ ಅನ್ನಿ.

ಹುಬ್ಬಳ್ಳಿಯಿಂದ:
‘ಸದ್ದು’ ಅದೇ ‘ಶಬ್ದ’ದ ತದ್ಭವ. ಅಚ್ಚಗನ್ನಡವೇ ಬೇಕಂದ್ರ ‘ಉಲಿ’ ತಗೋರಿ. ಅಂಚು ಎಂದರೆ ಒಂದು ಗೆರೆ. ಇದು ಸುಮಾರು ಮ್ಯಾಕ್ 0.8ರಿಂದ 1.2ರವರೆಗಿನ ಪಟ್ಟಿ.

ಗದಗದಿಂದ:
ತದ್ಭವ ಅಂದರೆ ಕನ್ನಡ ತನ್ನ ಬಾಯಿಗೆ ಹೊಂದಿಸಿಕೊಂಡ ಪದ. ಎರವಲಿಗೆ ನನ್ನ ತಕರಾರಿಲ್ಲ. ಹೊಂದಿಸಿಕೊಳ್ಳದ ಎರವಲಿಗೆ ಇದೆ.

ಹಾವೇರಿಯಿಂದ:
ಹಾಗಾದ್ರ ‘ಟ್ರಾನ್ಸಾನಿಕ್’ ಅಂತಲೇ ಬಿಡ್ರಿ. ಪಂಪು, ಮೋಟಾರು ತಾವಾಗಿಯೇ ಕನ್ನಡವಾದವು. ನನಗೆ ತಕರಾರಿರುವುದು ‘ಸೈದ್ಧಾಂತಿಕ’ದ ಮೇಲೆ. ಯಾವ ಸಿದ್ಧಾಂತ? ವೇಗಕ್ಕೆ ತಕ್ಕಂತೆ ರೆಕ್ಕೆಯ ಮೇಲಿನ ಒತ್ತಡದ ಲೆಕ್ಕ ತಿದ್ದುವ ಪ್ರಾಂಟ್ಲ್-ಗ್ಲಾವರ್ಟ್ ಸೂತ್ರದಲ್ಲಿ 1ರಿಂದ ಮ್ಯಾಕ್‌ನ ವರ್ಗ ಕಳೆದು, ವರ್ಗಮೂಲ ತೆಗೆದು, ಒತ್ತಡದ ಗುಣಾಂಕವನ್ನು ಅದರಿಂದ ಭಾಗಿಸುತ್ತಾರೆ. ಮ್ಯಾಕ್ 1ಕ್ಕೆ ಛೇದ ಸೊನ್ನೆ, ಲೆಕ್ಕ ಅಲ್ಲಿಗೇ ಮುರಿಯಿತು. ಇಲ್ಲಿ ಬೇಕಾದ ಸಮೀಕರಣ ನಿಧಾನದ ವಲಯದಲ್ಲಿ ದೀರ್ಘವೃತ್ತೀಯ (ಒಂದು ಬಿಂದುವಿನ ಪರಿಣಾಮ ಎಲ್ಲ ಕಡೆಗೂ ಹರಡುವಂಥದು), ಶಬ್ದಾತೀತ ವಲಯದಲ್ಲಿ ಅತಿಪರವಲಯೀಯ (ಹರಿವಿನ ಕೆಳಗಡೆಗೆ ಮಾತ್ರ ಹರಡುವಂಥದು). 1971ರಲ್ಲಿ ಮರ್ಮನ್ ಮತ್ತು ಕೋಲ್ ಎಂಬ ಸಂಶೋಧಕರು ಇದನ್ನು ಬಿಂದು ಬಿಂದುವಾಗಿ ಲೆಕ್ಕ ಹಾಕುವ ದಾರಿ ತೋರಿಸಿದರು: ಮೊದಲನೆಯದರಲ್ಲಿ ಎರಡೂ ಬದಿಯ ಬಿಂದುಗಳಿಂದ ವ್ಯತ್ಯಾಸ ತೆಗೆಯಬೇಕು, ಎರಡನೆಯದರಲ್ಲಿ ಗಾಳಿ ಬರುವ ಬದಿಯವುಗಳಿಂದ ಮಾತ್ರ. ಅಲ್ಲಿ ಹಿಂದಿನ ಅಂಚಿನ ಸುದ್ದಿ ಹರಿವಿಗೆ ಎದುರಾಗಿ ಬರಲಾರದು; ಎಲ್ಲೆಡೆ ಒಂದೇ ಸೂತ್ರ ಹಾಕಿದರೆ ಉತ್ತರ ನಿಲ್ಲುವುದಿಲ್ಲ.

ಧಾರವಾಡದಿಂದ:
‘ಹಿಂದೋರೆ’ ತಗೊಂಡೆ. ‘ಟ್ರಾನ್ಸಾನಿಕ್’ ಹಾಗೇ ಇಟ್ಟು, ಕೆಳಗೆ ‘ಕೆಲವೆಡೆ ಶಬ್ದಕ್ಕಿಂತ ನಿಧಾನ, ಕೆಲವೆಡೆ ವೇಗ’ ಎಂದು ಬರೆಯುತ್ತೇನೆ. ಕೊಸೈನ್ ಲೆಕ್ಕ ಹಾಕಲ್ರಿ?

ಗದಗದಿಂದ:
ಒಂದು ಪದ ಕೇಳಿ ಒಂದು ವಾಕ್ಯ ತಗೊಂಡ್ರಿ. ಇರಲಿ.

ಹುಬ್ಬಳ್ಳಿಯಿಂದ:
ಹಾಕಿ, ಆದರೆ ‘ಅನಂತ ಉದ್ದದ ರೆಕ್ಕೆಗೆ’ ಎಂದು ಸೇರಿಸಲೇಬೇಕು. ಬುಡದಲ್ಲಿ ಗಾಳಿ ವಿಮಾನದ ಒಡಲಿಗೆ ಸಮಾಂತರವಾಗಿ ಹರಿಯಬೇಕಾಗಿ ಓರೆಯ ಲಾಭ ಕಳೆಯುತ್ತದೆ. ಗಡಿಪದರ (ಮೇಲ್ಮೈಗೆ ತಾಗಿ ನಿಧಾನವಾದ ಗಾಳಿಯ ಪದರ) ತುದಿಯತ್ತ ಜಾರಿ ದಪ್ಪವಾಗಿ, ಹರಿವು ಅಲ್ಲೇ ಮೊದಲು ಕಳಚುತ್ತದೆ. ತುದಿ ಭಾರಕೇಂದ್ರಕ್ಕಿಂತ ಹಿಂದಿರುವುದರಿಂದ ಮೂತಿ ಮೇಲೇಳುತ್ತದೆ. ಸೋವಿಯತ್ ಯುದ್ಧವಿಮಾನ ಮಿಗ್-15ರ ರೆಕ್ಕೆ ಮೇಲಿನ ತಡೆಪಟ್ಟಿಗಳು ಆ ಜಾರುವಿಕೆಯನ್ನು ತಡೆಯಲಿಕ್ಕೆ. ಓರೆ ರೆಕ್ಕೆಯ ವಿಚಾರ ಮಂಡಿಸಿದ ಜರ್ಮನ್ ವಿಜ್ಞಾನಿ ಬುಸೆಮನ್ ಹೆಸರು ಹಾಕುವುದಾದರೆ, 1935ರಲ್ಲಿ ರೋಮಿನಲ್ಲಿ ಅವರು ಮಂಡಿಸಿದ್ದು ಶಬ್ದಾತೀತ ವೇಗದ ಲೆಕ್ಕ ಎಂದೇ ಬರೆಯಿರಿ.