ಸಹಾಯ ಬೇಕು: ಇಪ್ಪತ್ತು ವರ್ಷದ ಮೇಲೆ ಮತ್ತೆ ಚೆಸ್, ಹೊಸ ಓಪನಿಂಗ್ (ಆಟ ಶುರು ಮಾಡುವ ನಡೆಗಳು) ಹೇಗೆ ಕಲಿಯಲಿ?

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು, ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಬಳ್ಳಾರಿಯಲ್ಲಿ ಕಾಲೇಜು ಓದುವಾಗ ಚೆಸ್ ಅಂದ್ರೆ ಪ್ರಾಣ. ಕ್ರಾಮ್ನಿಕ್ 2000ರಲ್ಲಿ ಬರ್ಲಿನ್ ಡಿಫೆನ್ಸ್ ಅನ್ನೋ ಕರಿ ಕಡೆಯ ಓಪನಿಂಗ್ ಹಿಡಿದು ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ್ದನ್ನು ಪೇಪರ್‌ನಲ್ಲಿ ಓದಿದ್ದೆ. ನನ್ನ ಚೆಸ್ ಓದು ಹೆಚ್ಚುಕಮ್ಮಿ ಅಲ್ಲಿಗೇ ನಿಂತಿತು.

2024ರಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಮಗಳು ಅಟ್ಟದಿಂದ ಹಳೇ ಬೋರ್ಡ್ ಇಳಿಸಿದಳು. ಈಗ ರಾತ್ರಿ ಊಟ ಆದ ಮೇಲೆ ಇಬ್ಬರೂ ಲಿಚೆಸ್ ಅನ್ನೋ ಆನ್‌ಲೈನ್ ಚೆಸ್ ತಾಣದಲ್ಲಿ ಆಡುತ್ತೇವೆ. ನನಗೆ ಕರಿ ಕಾಯಿ ಬಂದಾಗೆಲ್ಲ ಎದುರಿನವರದ್ದು ಲಂಡನ್ ಸಿಸ್ಟಮ್ ಅನ್ನೋ ಬಿಳಿ ಕಡೆಯ ಓಪನಿಂಗ್. ಪದಾತಿ ಡಿ4, ಒಂಟೆ ಎಫ್4, ಆಮೇಲೆ ಇ3, ಸಿ3. ನಾನು ಕೋಟೆ ಕಟ್ಟಿ ಉಸಿರು ಬಿಡೋಷ್ಟರಲ್ಲಿ ಎಚ್ ಸಾಲಿನ ಪದಾತಿ ಓಡಿ ಬಂದು ರಾಜನ ಬಾಗಿಲಲ್ಲೇ ನಿಂತಿರುತ್ತದೆ. ನಮ್ಮ ಕಾಲೇಜಲ್ಲಿ ಹೀಗೆ ಯಾರೂ ಆಡುತ್ತಿರಲಿಲ್ಲ.

ಯಾವ ನಡೆಯನ್ನು ಎಷ್ಟು ಜನ ಆಡಿದ್ದಾರೆ ಅಂತ ತೋರಿಸುವ ಲಿಚೆಸ್‌ನ ಓಪನಿಂಗ್ ಎಕ್ಸ್‌ಪ್ಲೋರರ್ ತೆರೆದು ನೋಡಿದೆ. ಮಾಸ್ಟರ್‌ಗಳ ಆಟ ಒಂದು ಕಡೆ, ನಮ್ಮಂಥವರ ಆಟ ಇನ್ನೊಂದು ಕಡೆ. ಎರಡೂ ಕಡೆ ಜಾಸ್ತಿ ಆಡಿದ ನಡೆಗಳು ಬೇರೆ ಬೇರೆ. ಯಾವುದನ್ನು ಹಿಡಿಯಲಿ? ಸ್ಟಾಕ್‌ಫಿಶ್ ಅನ್ನೋ ಚೆಸ್ ಪ್ರೋಗ್ರಾಂ ಯಾರ ಆಟ ಮೇಲು ಅಂತ ಒಂದು ಅಂಕಿ ತೋರಿಸುತ್ತದೆ, ಯಾಕೆ ಅಂತ ಹೇಳಲ್ಲ. ಸುಮ್ನೆ ಬಾಯಿಪಾಠ ಮಾಡಿದ್ದು ಮೂರನೇ ದಿನಕ್ಕೆ ಮರೆತು ಹೋಗುತ್ತದೆ.

ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ. ಲಂಡನ್‌ಗೆ ಕರಿ ಕಡೆಯಿಂದ ಸರಳವಾದ ಒಂದು ದಾರಿ ಹೇಳಿ. ಲಿಚೆಸ್ ಸ್ಟಡಿ (ನಡೆಗಳನ್ನು ಟಿಪ್ಪಣಿ ಸಮೇತ ಬರೆದಿಡುವ ಜಾಗ) ಮಾಡಿಕೊಂಡು ಕಲಿತವರಿದ್ದರೆ ಹೇಗೆ ಜೋಡಿಸಿಕೊಂಡಿರಿ ಅಂತ ದಯವಿಟ್ಟು ಬರೆಯಿರಿ. ಕನ್ನಡದಲ್ಲಿ ಬಿಡಿಸಿ ಹೇಳುವ ವಿಡಿಯೋ ಇದ್ದರೆ ಮಗಳಿಗೂ ತೋರಿಸುತ್ತೇನೆ.